ಇದು ಅದೇ ಕಾರೇ?

ನನಗೆ ಕಾರು ಓಡಿಸಲು ಬರುವುದಿಲ್ಲ. ಮನೆಯ ಮುಂದೆ ನಿಂತ ಕಾರಿನ ಬಣ್ಣ ಹೇಳಬಲ್ಲೆ. ಯಾವ ಕಂಪನಿಯದು ಎಂದು ಕೇಳಿದರೆ ತಡವರಿಸುತ್ತೇನೆ. ಅಂಥವಳು ಕಳೆದ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಒಂದು ಕಾರಿನ ವಿಚಾರವನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ಎಷ್ಟೋ ದಿನ ತಪ್ಪಿತು. ಕಾರಣ ನನ್ನ ಮಗ. ಅವನಿಗೆ ಹಳೆಯ ಕಾರುಗಳ ಹುಚ್ಚು. ಕೊಳ್ಳುವ ಹುಚ್ಚಲ್ಲ, ಪುಣ್ಯ, ಓದುವ ಹುಚ್ಚು.

ಒಂದು ರಾತ್ರಿ ಊಟಕ್ಕೆ ಕುಳಿತವನು ಕೇಳಿದ: "ಅಮ್ಮಾ, ಒಂದು ಕಾರಿನ ಎಂಜಿನ್ ಬದಲಾಯಿತು, ಚಾಸಿ ಬದಲಾಯಿತು, ಮೇಲಿನ ಮೈಯೂ ಬದಲಾಯಿತು. ಅದು ಅದೇ ಕಾರೋ, ಬೇರೆಯೋ?"

"ಬೇರೆ. ಇದರಲ್ಲಿ ಕೇಳುವುದೇನಿದೆ?" ಎಂದೆ ಸಾರು ಬಡಿಸುತ್ತಾ.

"ಇಂಗ್ಲೆಂಡಿನ ನ್ಯಾಯಾಲಯ ಅದೇ ಕಾರು ಅಂದಿದೆ."

ಸೌಟು ಕೈಯಲ್ಲೇ ಉಳಿಯಿತು. ಆ ಮಾತು ನನಗೆ ಬೇರೆ ಎಲ್ಲೋ ಚುಚ್ಚಿತ್ತು. ಎಲ್ಲಿ ಎಂಬುದನ್ನು ಆಮೇಲೆ ಹೇಳುತ್ತೇನೆ.

ಆ ಕಾರಿನ ಹೆಸರು 'ಓಲ್ಡ್ ನಂಬರ್ ಒನ್'. ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ಮಾದರಿಯ ಪಂದ್ಯದ ಕಾರು. ಫ್ರಾನ್ಸಿನ ಲ ಮಾನ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ಕಾರು ಓಡಿಸುವ ಪಂದ್ಯ ನಡೆಯುತ್ತದೆ. 1929ರಲ್ಲಿ ಈ ಕಾರು ಅಲ್ಲಿ ಗೆದ್ದಿತು. 1930ರಲ್ಲಿ ಮತ್ತೆ ಗೆದ್ದಿತು. ಎರಡು ಸಲವೂ ಓಡಿಸಿದವನು ವುಲ್ಫ್ ಬರ್ನಾಟೊ. ಜೊತೆಗಾರರು ಮೊದಲ ವರ್ಷ ಟಿಮ್ ಬರ್ಕಿನ್, ಮರುವರ್ಷ ಗ್ಲೆನ್ ಕಿಡ್‌ಸ್ಟನ್. ಬರ್ನಾಟೊ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳ ಹಣಕ್ಕೆ ವಾರಸುದಾರ. ಬೆಂಟ್ಲಿ ಕಂಪನಿಗೆ ದುಡ್ಡು ಸುರಿದು ಅದರ ಅಧ್ಯಕ್ಷನೂ ಆದವನು. ಅಷ್ಟಾದರೂ ಕಂಪನಿ ಉಳಿಯಲಿಲ್ಲ. 1931ರಲ್ಲಿ ರೋಲ್ಸ್ ರಾಯ್ಸ್‌ನ ಪಾಲಾಯಿತು.

ಪಂದ್ಯದ ಕಾರಿಗೆ ಒಂದು ಕಷ್ಟವಿದೆ. ಅದನ್ನು ಕಾಪಾಡಲೆಂದು ಯಾರೂ ಓಡಿಸುವುದಿಲ್ಲ, ಗೆಲ್ಲಲೆಂದು ಓಡಿಸುತ್ತಾರೆ. ಒಂದು ವರ್ಷ ಸವೆದದ್ದನ್ನು ಕಿತ್ತು ಮರುವರ್ಷ ಹೊಸದು ಕೂಡಿಸುತ್ತಾರೆ. ಓಲ್ಡ್ ನಂಬರ್ ಒನ್‌ಗೂ ಹಾಗೇ ಆಯಿತು. 1932ರಲ್ಲಿ ಅದಕ್ಕೆ ಎಂಟು ಲೀಟರಿನ ದೊಡ್ಡ ಎಂಜಿನ್ ಕೂಡಿಸಿ ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್ ಪಂದ್ಯಕ್ಕೆ ಇಳಿಸಿದರು. ಅಲ್ಲಿನ ಓಟದ ದಾರಿ ತಿರುವಿನಲ್ಲಿ ಗೋಡೆಯ ಹಾಗೆ ಓರೆಯಾಗಿ ಏರುತ್ತಿತ್ತು. ಆ ದಿನ ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಎಂಬ ತರುಣ ತಿರುವಿನ ಅಂಚು ದಾಟಿ ಹೋಗಿ ಸತ್ತ. ಆಮೇಲೆ ಜಖಂ ಆದ ಕಾರನ್ನು ಮತ್ತೆ ಕಟ್ಟಿ, ಮುಚ್ಚಿದ ಮೈ ಹೊದಿಸಿ, ರಸ್ತೆಯ ಕಾರನ್ನಾಗಿ ಮಾಡಿದರು. ಅಲ್ಲಿಂದ ಅದು ಕೈಯಿಂದ ಕೈಗೆ ಹೋಗುತ್ತಾ, ರಿಪೇರಿ ಆಗುತ್ತಾ, ಇನ್ನಷ್ಟು ಬದಲಾಗುತ್ತಾ ಬಂತು.

ಮಗ ಇಷ್ಟು ಹೇಳಿ ಮುಂದಕ್ಕೆ ಹೋದ. ನಾನು ಡನ್‌ಫೀಯ ಹತ್ತಿರವೇ ನಿಂತೆ. ಅವನಿಗೆ ಹೆಂಡತಿ ಇದ್ದಳೇ ಎಂದು ಕೇಳಿದೆ. ಹುಡುಕಿ ಹೇಳಿದ. ಇದ್ದಳು, ಜೇನ್ ಬ್ಯಾಕ್ಸ್‌ಟರ್ ಎಂಬ ನಟಿ. ಮದುವೆಯಾಗಿ ಎರಡೇ ವರ್ಷವಾಗಿತ್ತು. ಕಾರಿನ ಒಡೆಯರ ಪಟ್ಟಿಯಲ್ಲಿ ಅವಳ ಹೆಸರು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಅವಳೇನು ಅದನ್ನು ಕೊಂಡವಳಲ್ಲ. ಆದರೂ ಆ ಕಾರಿನ ಕಥೆ ಯಾರು ಹೇಳಿದರೂ ನನಗೆ ಮೊದಲು ನೆನಪಾಗುವವಳು ಅವಳೇ.

1990ರಲ್ಲಿ ಈ ಕಾರನ್ನು ಅದರ ಒಡೆಯ ಒಂದು ಕಂಪನಿಗೆ ಮಾರಲು ಒಪ್ಪಿದ. ಬೆಲೆ ಒಂದು ಕೋಟಿ ಪೌಂಡು. ಒಪ್ಪಂದವಾದ ಮೇಲೆ ಕೊಳ್ಳುವವರು ಹಿಂದೆ ಸರಿದರು. ಲ ಮಾನ್‌ನಲ್ಲಿ ಗೆದ್ದ ಕಾರು ಇದಲ್ಲ, ಇದರಲ್ಲಿ ಅದರದ್ದು ಏನಿದೆ ಎಂಬುದು ಅವರ ತಕರಾರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. 1929ರ ಕಾರಿನದು ಎಂದು ತೋರಿಸಬಹುದಾದದ್ದು ಸಣ್ಣಪುಟ್ಟ ಬಿಡಿಭಾಗ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ವ್ಯಾಜ್ಯ ಲಂಡನ್ನಿನ ಹೈಕೋರ್ಟಿಗೆ ಹೋಯಿತು.

ನ್ಯಾಯಮೂರ್ತಿ ಆಟನ್ ಅವರು ಮಾಡಿದ ವಿಚಾರಣೆ ನಮ್ಮ ಜಮೀನಿನ ಕಾಗದ ಪತ್ರ ನೋಡುವ ಕ್ರಮದ್ದೇ. ಪಹಣಿ, ಮ್ಯುಟೇಷನ್, ಕ್ರಯಪತ್ರ ಒಂದರ ಹಿಂದೊಂದು ಕೊಂಡಿ ಹಾಕಿಕೊಂಡು ಹೋಗುತ್ತೇವಲ್ಲ, ಹಾಗೆ. ಹಳೆಯ ಕಾರಿಗಾದರೆ ಚಾಸಿಯ ಮೇಲೆ ಒತ್ತಿದ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಕಾರ್ಖಾನೆಯ ದಫ್ತರ, ನೋಂದಣಿ ಪುಸ್ತಕ, ಗ್ಯಾರೇಜಿನ ರಸೀದಿ, ಫೋಟೋ. ಯಾರಿಂದ ಯಾರಿಗೆ ಹೋಯಿತು, ಯಾವಾಗ ಏನು ಬಿಚ್ಚಿದರು, ಏನು ಹಾಕಿದರು. ನಡುವೆ ಒಂದು ಕೊಂಡಿ ಕಳಚಿದರೆ ಕಷ್ಟ. ಮುರಿದ ಒಂದು ಕಾರಿನ ಚಾಸಿ ಒಬ್ಬನ ಬಳಿ, ಎಂಜಿನ್ ಇನ್ನೊಬ್ಬನ ಬಳಿ ಸೇರಿ, ಇಬ್ಬರೂ ಎರಡು ಕಾರು ಕಟ್ಟಿ ನನ್ನದೇ ನಿಜವಾದದ್ದು ಎನ್ನುವುದೂ ಉಂಟಂತೆ. ಅಣ್ಣತಮ್ಮಂದಿರು ಮನೆದೇವರ ಮೂರ್ತಿಗೆ ಜಗಳವಾಡಿದ ಹಾಗೆ.

ಈ ಕಾರಿನ ಕೊಂಡಿ ಎಲ್ಲಿಯೂ ಕಳಚಿರಲಿಲ್ಲ. ಆಟನ್ ಅವರ ತೀರ್ಪಿನ ತಿರುಳು ಇಷ್ಟು: ಬದಲಾವಣೆಗಳು ಬಹುಕಾಲದ ಮೇಲೆ ಒಂದೊಂದಾಗಿ ಬಂದು ಹಳೆಯದರೊಳಗೆ ಸೇರಿಹೋದವು, ಯಾವ ಹಂತದಲ್ಲೂ ಅದು ತನ್ನತನ ಕಳೆದುಕೊಳ್ಳಲಿಲ್ಲ, ಓಲ್ಡ್ ನಂಬರ್ ಒನ್ ಎಂದು ಹೇಳಿಕೊಳ್ಳುವ ಹಕ್ಕು ಬೇರೆ ಯಾವ ಬೆಂಟ್ಲಿಗೂ ಇಲ್ಲ, ಮಾರಾಟಕ್ಕಿದ್ದದ್ದು ಬರೀ ಲೋಹವಲ್ಲ, ಆ ಚರಿತ್ರೆ ಕೂಡ. ಆದರೆ ಅದನ್ನು 'ಮೂಲ' ಕಾರು ಎನ್ನುವಂತಿಲ್ಲ ಎಂದೂ ಹೇಳಿದರು. ನಿಜವಾದದ್ದು ಹೌದು, ಮೂಲದ್ದಲ್ಲ. ಮೇಷ್ಟರ ಕೆಲಸ ಮಾಡುವ ನನಗೆ ಈ ಎರಡು ಪದಗಳ ನಡುವೆ ಗೆರೆ ಎಳೆದದ್ದು ಬಹಳ ಹಿಡಿಸಿತು. ಕೊಳ್ಳುವವರು ಸೋತರು.

ಇದೇ ಪ್ರಶ್ನೆ ನಮ್ಮಲ್ಲಿ ಬಹಳ ಹಳೆಯದು. ಗ್ರೀಕ್ ದೊರೆ ಮಿಲಿಂದ ನಾಗಸೇನನ ಬಳಿಗೆ ರಥದಲ್ಲಿ ಬಂದಾಗ ಆ ಭಿಕ್ಷು ಕೇಳುತ್ತಾನೆ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಒಂದೂ ಅಲ್ಲ. ಎಲ್ಲ ಕೂಡಿದಾಗ ರಥವೆಂದು ಹೆಸರಿಡುತ್ತೇವೆ, ಅಷ್ಟೇ. ಈ ಮಾತಿಗೆ ನಾಗಸೇನ ಕೊಡುವ ಆಧಾರ ವಜಿರಾ ಎಂಬ ಭಿಕ್ಷುಣಿಯ ನುಡಿ. ದೊರೆಯನ್ನು ಗೆದ್ದ ವಾದ ಮೊದಲು ಹೊಳೆದದ್ದು ಒಬ್ಬ ಹೆಂಗಸಿಗೆ ಎಂದು ತಿಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಪುರಿಯಲ್ಲಿ ಜಗನ್ನಾಥನ ರಥವನ್ನು ಪ್ರತಿವರ್ಷ ಹೊಸ ಮರದಲ್ಲಿ ಕಟ್ಟುತ್ತಾರೆ. ಹೆಸರು ಮಾತ್ರ ಅದೇ ನಂದಿಘೋಷ. ಹಗ್ಗ ಹಿಡಿಯುವ ಯಾರೂ ಇದು ಹೋದ ವರ್ಷದ್ದೇ ಎಂದು ಕೇಳುವುದಿಲ್ಲ. ಹೊಸ ಮರ ಎಂಬುದು ಎಲ್ಲರಿಗೂ ಗೊತ್ತು, ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ.

ನನ್ನ ಕಥೆ ಹಾಗಲ್ಲ.

ನಮ್ಮಮ್ಮನಿಗೆ ನಾಲ್ಕು ಚಿನ್ನದ ಬಳೆಗಳಿದ್ದವು, ತಿರುಪಿನವು. ಹೋಗುವ ಮುಂಚೆ ಅವನ್ನು ನನ್ನ ಕೈಗೆ ಕೊಟ್ಟು, ತಂಗಿಯ ಮಗಳ ಮದುವೆಗೆ ಹಾಕು ಎಂದಿದ್ದಳು. ಸವೆದು ಕಾಗದದಷ್ಟು ತೆಳುವಾಗಿದ್ದವು, ಒಂದು ಸೀಳಿತ್ತು. ಮದುವೆಗೆ ಆರು ತಿಂಗಳಿರುವಾಗ ಪೇಟೆಯ ಅಂಗಡಿಗೆ ಕೊಂಡುಹೋದೆ. ರಿಪೇರಿಗೆ ಬರುವುದಿಲ್ಲ ಎಂದರು. ತೂಗಿದರು, ಮೇಲೆ ನನ್ನ ದುಡ್ಡು ಹಾಕಿ, ಮಜೂರಿ ಸೇರಿಸಿ, ಕನ್ನಡಿ ಪೆಟ್ಟಿಗೆಯಲ್ಲಿದ್ದ ನಾಲ್ಕು ಹೊಸ ಬಳೆ ತಂದೆ. ಅಮ್ಮನ ಬಳೆಯನ್ನು ಕರಗಿಸಿ ಅದರಲ್ಲೇ ಹೊಸದು ಮಾಡಿಸಿದ್ದರೆ ಬೇರೆ ಮಾತಿತ್ತು. ಊರಿನ ಅಕ್ಕಸಾಲಿಗರು ಹಿಂದೆ ನಮ್ಮ ಕಣ್ಣೆದುರೇ ಹಾಗೆ ಮಾಡಿಕೊಡುತ್ತಿದ್ದರು. ಇಲ್ಲಿ ಅಮ್ಮನ ಚಿನ್ನ ಯಾರ ಸರವಾಯಿತೋ, ಯಾರ ಓಲೆಯಾಯಿತೋ. ಮದುವೆಯ ದಿನ ಹುಡುಗಿಗೆ ಹಾಕುತ್ತಾ, "ಇವು ನಿಮ್ಮಜ್ಜಿಯ ಬಳೆ ಕಣೇ, ಸ್ವಲ್ಪ ರಿಪೇರಿ ಮಾಡಿಸಿದೆ" ಎಂದೆ. ಅವಳು ಬಳೆಗಳನ್ನು ಕಣ್ಣಿಗೊತ್ತಿಕೊಂಡಳು. ತಂಗಿ ಅತ್ತಳು. ನಾನು ವೀಳ್ಯದ ತಟ್ಟೆ ತರುವ ನೆವದಲ್ಲಿ ಒಳಗೆ ಹೋದೆ.

ಮಗ ಆ ರಾತ್ರಿ ತೀರ್ಪು ಹೇಳಿದಾಗ ಮೊದಲು ನನಗೆ ಸಮಾಧಾನವೇ ಆಯಿತು. ನೋಡು, ಲೋಹ ಮುಖ್ಯವಲ್ಲವಂತೆ ಎಂದುಕೊಂಡೆ. ಎರಡು ದಿನ ಆ ಸಮಾಧಾನದಲ್ಲೇ ಇದ್ದೆ. ಮೂರನೆಯ ದಿನ ಪಾತ್ರೆ ಉಜ್ಜುವಾಗ ಹೊಳೆಯಿತು, ಆ ಕಾರಿನ ಪರವಾಗಿ ಸಾಕ್ಷಿ ಹೇಳಿದ್ದು ಬದಲಾವಣೆಗಳ ಪಟ್ಟಿಯೇ ಅಲ್ಲವೆ? ಯಾವಾಗ ಏನು ಹೋಯಿತು, ಏನು ಬಂತು ಎಂಬುದು ಗೊತ್ತಿತ್ತು, ಅದಕ್ಕೇ ಗೆದ್ದಿತು. ನಾನು ಪಟ್ಟಿಯನ್ನೇ ನುಂಗಿದ್ದೆ. ಕೊಂಡಿ ಕಳಚಿದ್ದು ಅಂಗಡಿಯಲ್ಲಿ. ಆದರೆ ಅದನ್ನು ಮುಚ್ಚಿದವಳು ನಾನು. ಅಮ್ಮನ ಆಸೆ ನಡೆಸಿದೆನಲ್ಲ, ಹುಡುಗಿ ಸಂತೋಷಪಟ್ಟಳಲ್ಲ, ಈಗ ಹೇಳಿ ಯಾರಿಗೇನು ಲಾಭ ಎಂಬ ವಾದವನ್ನೂ ನನಗೆ ನಾನೇ ಬಹಳ ಮಾಡಿಕೊಂಡೆ. ನಿಮ್ಮಲ್ಲಿ ಕೆಲವರು ಈಗಲೂ ಅದನ್ನೇ ಹೇಳುತ್ತೀರಿ ಎಂದು ಗೊತ್ತು. ಆದರೆ ಆ ಹುಡುಗಿ ನಾಳೆ ತನ್ನ ಮಗಳಿಗೆ ಅದೇ ಮಾತು ಹೇಳುತ್ತಾಳೆ. ಆಗ ಸುಳ್ಳು ಹೇಳದ ಬಾಯಿಂದ ನನ್ನ ಸುಳ್ಳು ಹೊರಡುತ್ತದೆ. ಇದು ನನಗೆ ತಡೆಯಲಾಗಲಿಲ್ಲ.

ಒಂದು ಹಾಳೆಯಲ್ಲಿ ಬರೆದೆ. ಅಮ್ಮನಿಗೆ ಬಳೆ ಮಾಡಿಸಿದ ವರ್ಷ, ಅವಳು ಒಮ್ಮೆ ಅಡವಿಟ್ಟು ಬಿಡಿಸಿಕೊಂಡದ್ದು (ಅದು ನನ್ನ ಬಿ.ಎಡ್. ಫೀಸಿಗೆ), ಸೀಳಿದ ಬಳೆ, ಅಂಗಡಿಯ ತೂಕ, ನಾನು ಸೇರಿಸಿದ ಹಣ, ತಂದ ದಿನ. ಕೊನೆಗೆ, ಚಿನ್ನ ಅಜ್ಜಿಯದಲ್ಲ ಎಂದೂ ಬರೆದು ಅಂಗಡಿಯ ರಸೀದಿಯನ್ನು ಜೊತೆಗಿಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಹತ್ತು ದಿನದ ಮೇಲೆ ಹುಡುಗಿ ಫೋನು ಮಾಡಿದಳು. ಬಯ್ಯುತ್ತಾಳೆಂದು ಕಾದೆ. "ದೊಡ್ಡಮ್ಮಾ, ಒಂದು ಬಳೆಯ ತಿರುಪು ಸಡಿಲವಾಗಿ ಒಂದು ವರ್ಷವಾಯಿತು. ಅಜ್ಜಿಯದು, ಅಂಗಡಿಗೆ ಕೊಟ್ಟರೆ ಎಲ್ಲಿ ಹಾಳುಮಾಡುತ್ತಾರೋ ಅಂತ ಹೆದರಿ ಬೀರುವಿನಲ್ಲೇ ಇಟ್ಟಿದ್ದೆ" ಎಂದಳು. ಕೊಡು, ಹೊಸ ತಿರುಪು ಹಾಕಿಸು, ಆ ಹಾಳೆಯ ಕೆಳಗೆ ತಾರೀಖು ಹಾಕಿ ಬರೆದಿಡು ಎಂದೆ.

ತಂಗಿ ಮಾತ್ರ ಇನ್ನೂ ಈ ವಿಷಯ ಎತ್ತಿಲ್ಲ. ಹಬ್ಬಕ್ಕೆ ಬರುತ್ತೇನೆ ಎಂದಿದ್ದಾಳೆ.