ಅನಿವಾರ್ಯತೆಗೂ ಒಂದು ಅಳತೆಯುಂಟು

ಹಸಿವಿನಿಂದ ಪ್ರಾಣವೇ ಹೋಗುವ ಸ್ಥಿತಿಯಲ್ಲಿ ನಿಷಿದ್ಧ ಆಹಾರವನ್ನು ಉಂಡರೂ ದೋಷವಿಲ್ಲವೆಂದು ಪವಿತ್ರ ಕುರ್‌ಆನ್ (2:173) ಕಲಿಸುತ್ತದೆ. ಆದರೆ ಅಲ್ಲಿಯೇ ಎರಡು ಷರತ್ತುಗಳಿವೆ: ಉಣ್ಣುವವನಲ್ಲಿ ಅದರ ಬಯಕೆ ಇರಬಾರದು, ಅವನು ಮಿತಿ ಮೀರಬಾರದು. ಆದ್ದರಿಂದಲೇ ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ಅನಿವಾರ್ಯತೆಯು ನಿಷೇಧವನ್ನು ಸಡಿಲಿಸುತ್ತದೆ ಎಂದಷ್ಟೇ ಹೇಳಿ ನಿಲ್ಲಲಿಲ್ಲ. ಆ ಸಡಿಲಿಕೆಯನ್ನು ಅಗತ್ಯವಿದ್ದಷ್ಟಕ್ಕೇ ಅಳೆದುಕೊಡಬೇಕೆಂದೂ ಸೇರಿಸಿದರು. ಎರಡನೆಯ ಮಾತನ್ನು ಮರೆತವನಿಗೆ ಮೊದಲನೆಯದು ಬರೀ ನೆಪವಾಗುತ್ತದೆ.

ಸಿರಸಂಗಿಯ ಸುತ್ತಮುತ್ತಲಿನವರಿಗೆ ಇದು ಕೇವಲ ಕಿತಾಬಿನ ಚರ್ಚೆಯಲ್ಲ. ನಮ್ಮ ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಿದೆ. ಹುಬ್ಬಳ್ಳಿ-ಧಾರವಾಡದ ಕೊಡಗಳಿಗೂ ಕಾಲುವೆಯ ಹೊಲಗಳಿಗೂ ಅದೇ ಆಸರೆ. ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದಿಲ್ಲ. ಆದ್ದರಿಂದ ಖಾನಾಪುರದ ಕಾಡಿನ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದದ ರೈತರು 2015ರಲ್ಲಿ ಧರಣಿ ಕುಳಿತರು. 2016ರಲ್ಲಿ ರಾಜ್ಯ ಸರಕಾರವು ತುರ್ತಾಗಿ ನೀರು ಕೇಳಿದಾಗ ಮಹದಾಯಿ ನ್ಯಾಯಮಂಡಳಿ ಒಪ್ಪಲಿಲ್ಲ. 2018ರ ಅಂತಿಮ ತೀರ್ಪಿನಲ್ಲಿ ಈ ಎರಡು ಹಳ್ಳಗಳಿಂದ 3.9 ಟಿಎಂಸಿ ನೀಡಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು, ಇದು ಕುಡಿಯುವ ನೀರಿನ ಯೋಜನೆಯಾದ್ದರಿಂದ ಪರಿಸರ ಅನುಮತಿ ಬೇಕಿಲ್ಲವೆಂದು ಪತ್ರ ಬರೆಯಿತು. ಗೋವಾ ಆಕ್ಷೇಪಿಸಿತು, ಡಿಸೆಂಬರಿನಲ್ಲಿ ಆ ಪತ್ರಕ್ಕೆ ತಡೆ ಬಿತ್ತು.

ಬಾಯಾರಿದವನಿಗೆ ಕಾಯಿದೆ ತೋರಿಸುವುದು ನಿರ್ದಯತೆ. ಆದರೆ ಕಾಡಿನ ರಕ್ಷಣೆ ಗೋವೆಯವರಿಗಾಗಿ ಮಾತ್ರವೇ? ಮಲಪ್ರಭೆ ಹುಟ್ಟುವ ಕಣಕುಂಬಿಯೂ ಅದೇ ಘಟ್ಟದಲ್ಲಿದೆ. ಆ ಕಾಡು ಕೆಟ್ಟರೆ ನಮ್ಮ ನದಿಯ ತಾಯಿಬೇರಿಗೇ ಪೆಟ್ಟು. ಹಾಗಾದರೆ ವಿನಾಯಿತಿ ಕೇಳುವವನು ತನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

ಒಂದು, ಬೇರೆ ದಾರಿ ನಿಜಕ್ಕೂ ಮುಗಿದಿದೆಯೇ? ಹೂಳು ತುಂಬಿದ ಕೆರೆ, ಸೋರುವ ಕೊಳವೆ, ನೀರು ಹೀರುವ ಕಬ್ಬು ಇವುಗಳನ್ನು ಮುಟ್ಟದೆ ಅನಿವಾರ್ಯತೆ ಎನ್ನುವುದು ಸರಿಯಲ್ಲ. ಎರಡು, ಕೊಡದ ಹೆಸರಿನಲ್ಲಿ ತಂದ ನೀರು ಕೊಡಕ್ಕೇ ಹೋಗುವುದೇ? ತಯಮ್ಮುಮಿನ ರಿಯಾಯಿತಿ ನೀರು ಸಿಕ್ಕೊಡನೆ ಮುಗಿಯುತ್ತದೆ. ಕುಡಿಯಲೆಂದು ಪಡೆದ ವಿನಾಯಿತಿಯೂ ದಾಹ ತೀರಿದಲ್ಲಿಗೆ ನಿಲ್ಲಬೇಕು. ಮೂರು, ನಷ್ಟವಾದವರ ಹಕ್ಕೇನು? ಹಸಿದವನು ಪರರ ರೊಟ್ಟಿ ತಿಂದು ಬದುಕಬಹುದು, ಆದರೆ ಬಳಿಕ ಅದರ ಬೆಲೆ ಕೊಡಬೇಕೆಂದು ಫಿಕ್ಹ್ ಹೇಳುತ್ತದೆ. ಅನಿವಾರ್ಯತೆ ಪಾಪವನ್ನು ಅಳಿಸಬಹುದು, ಋಣವನ್ನಲ್ಲ. ಕಡಿದ ಮರಕ್ಕೂ ಕೆಳಹೊಳೆಯ ಬೆಸ್ತನಿಗೂ ಇದೇ ನ್ಯಾಯ ಸಲ್ಲಬೇಕು.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಅಂಗಳವನ್ನೂ ನೋಡಬೇಕು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು ಕರ್ನಾಟಕವು 1999ರಲ್ಲಿ ಕಾಯಿದೆ ಮಾಡಿತು. ಬೆಳೆ ಒಣಗುವಾಗ ಪ್ರತಿಯೊಬ್ಬನಿಗೂ ತನ್ನ ಬೋರ್‌ವೆಲ್ ಅನಿವಾರ್ಯವೆನಿಸುತ್ತದೆ. ಅದರಿಂದ ಓಣಿಯ ಕೈಪಂಪು ಬತ್ತಿದರೆ, ಕೊಡ ಹೊತ್ತು ದೂರ ನಡೆಯುವ ವಿಧವೆಗೆ ಯಾರು ಉತ್ತರ ಕೊಡುವರು?

ಹರಿಯುವ ಹೊಳೆಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿ(ಸ)ರು ಕಲಿಸಿದ ವರದಿ ಇಬ್ನುಮಾಜದಲ್ಲಿದೆ. ಸಮೃದ್ಧಿಯಲ್ಲಿ ಮಿತಿ ಕಲಿಯದವನ ಬಾಯಲ್ಲಿ ಬರಗಾಲದ ಅನಿವಾರ್ಯತೆಯ ಮಾತಿಗೆ ತೂಕವಿರದು. ನೀರು ಅಲ್ಲಾಹನ ಅಮಾನತ್ತು. ಅಮಾನತ್ತಿನಿಂದ ಕಷ್ಟಕಾಲಕ್ಕೆ ತೆಗೆದುಕೊಂಡವನು ಲೆಕ್ಕವಿಟ್ಟಿರಬೇಕು, ಏಕೆಂದರೆ ಲೆಕ್ಕ ಕೇಳುವವನು ಮರೆಯುವವನಲ್ಲ.