ಆರಿಸಿದುದೂ ಉಳಿದುದೂ

ಒಬ್ಬ ಕವಿಯ ಅಥವಾ ಗಾಯಕವೃಂದದ ಬಾಳಿನ ದುಡಿಮೆಯೆಲ್ಲವನ್ನೂ ಮುಂದಿಟ್ಟುಕೊಂಡು, ಅದರಿಂದ ಹತ್ತನ್ನು ಎತ್ತಿ, ‘ಇವೇ ಶ್ರೇಷ್ಠವಾದುವು’ ಎಂದು ಲೋಕಕ್ಕೆ ಕೊಡುವ ಅಧಿಕಾರವು ಯಾರಿಗುಂಟು? ಉಂಟಾದರೆ ಅದನ್ನು ನಡೆಯಿಸುವವನು ಯಾವ ಧರ್ಮಕ್ಕೆ ಕಟ್ಟುಬಿದ್ದವನು? ಇದು ಅಂಗಡಿಯವರಿಗೂ ಅಚ್ಚಿನ ಮನೆಯವರಿಗೂ ಸೇರಿದ ಅಲ್ಪವಿಷಯವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಆಯ್ದುದು ಬಾಯಿಂದ ಬಾಯಿಗೆ ಸಾಗಿ ಬಾಳುತ್ತದೆ. ಬಿಟ್ಟುದು ಬಹುಮಟ್ಟಿಗೆ ಮರೆಯಾಗುತ್ತದೆ. ಆರಿಸುವವನು ನೆನಪನ್ನು ಹಂಚುವಾಗಲೇ ಮರವೆಯನ್ನೂ ಹಂಚುತ್ತಾನೆ. ಇನ್ನೊಬ್ಬನ ಕೃತಿಯ ಆಯುಸ್ಸನ್ನು ಗೊತ್ತುಮಾಡುವ ಈ ಕಾರ್ಯವು ಧರ್ಮವಿಚಾರಕ್ಕೆ ಹೊರತಾದುದಾಗಲಾರದು.

ಈಚಿನ ಕಾಲದ ನಿದರ್ಶನವೊಂದನ್ನು ಪಾಶ್ಚಾತ್ಯ ಸಂಗೀತದಿಂದ ತೆಗೆದುಕೊಳ್ಳಬಹುದು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1971ರಲ್ಲಿ ಕೂಡಿದ ‘ಈಗಲ್ಸ್’ ಎಂಬ ರಾಕ್ ತಂಡವು 1972ರಿಂದ 1975ರ ವರೆಗೆ ವರ್ಷಕ್ಕೊಂದರಂತೆ ನಾಲ್ಕು ಧ್ವನಿಮುದ್ರಿಕೆಗಳನ್ನು ಹೊರತಂದಿತು. 1976ರ ಫೆಬ್ರುವರಿಯಲ್ಲಿ ಆ ನಾಲ್ಕರಿಂದ ಹತ್ತು ಹಾಡುಗಳನ್ನು ಆಯ್ದು, ‘ಅವರ ಅತಿ ಜನಪ್ರಿಯ ಗೀತಗಳು’ ಎಂಬ ಅರ್ಥದ ಹೆಸರಿನಿಂದ ಒಂದೇ ತಟ್ಟೆಯನ್ನು ಮಾರಾಟಕ್ಕೆ ಬಿಡಲಾಯಿತು. ಹತ್ತು ಲಕ್ಷ ಪ್ರತಿಗಳ ಗುರುತಾಗಿ ಆ ದೇಶದಲ್ಲಿ ಏರ್ಪಟ್ಟ ‘ಪ್ಲ್ಯಾಟಿನಮ್’ ಎಂಬ ಬಿರುದನ್ನು ಎಲ್ಲಕ್ಕಿಂತ ಮೊದಲು ಪಡೆದುದು ಇದೇ ತಟ್ಟೆ. 2018ರಲ್ಲಿ ಅದಕ್ಕೆ ಆ ಬಿರುದು ಮೂವತ್ತೆಂಟು ಮಡಿಯಾಗಿ ಸಂದಿತು. ಹೊಸದಾಗಿ ಒಂದು ಸ್ವರವನ್ನೂ ಸೇರಿಸದೆ, ಇದ್ದುದನ್ನೇ ಆಯ್ದು ಜೋಡಿಸಿದ ಕೃತಿಯೊಂದು, ಅದು ಹುಟ್ಟಿದ ಮೂಲಕೃತಿಗಳನ್ನೆಲ್ಲ ಹಿಂದಿಕ್ಕಿತು. ಇದು ವಿಚಾರಕ್ಕೆ ಎಡೆಗೊಡುವ ಸಂಗತಿ.

ಇದರಲ್ಲಿ ಎರಡು ವಿಷಯಗಳು ಗಮನಾರ್ಹವಾಗಿವೆ. ಆ ತಂಡದವರ ಹಾಡುಗಳಲ್ಲಿ ಲೋಕಪ್ರಸಿದ್ಧವಾದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಈ ಸಂಗ್ರಹದಲ್ಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಅದು ಬೆಳಕಿಗೆ ಬಂದುದು 1976ರ ಡಿಸೆಂಬರಿನಲ್ಲಿ. ದುಡಿಮೆ ನಡೆಯುತ್ತಿರುವಾಗಲೇ ತೀರ್ಪು ಹೊರಟಿತು. ಹೂವು ಅರಳುವ ಮುನ್ನ ಹಾರ ಕಟ್ಟಿದಂತಾಯಿತು. ಇದಕ್ಕಿಂತ ಸ್ವಾರಸ್ಯವಾದುದು ‘ಡೆಸ್ಪೆರಾಡೋ’ ಎಂಬ ಹಾಡಿನ ಗತಿ. 1973ರ ಮೂಲ ಧ್ವನಿಮುದ್ರಿಕೆಯು ಅಮೆರಿಕದ ಪಶ್ಚಿಮಸೀಮೆಯ ದರೋಡೆಗಾರರ ಕಥೆಯನ್ನು ಎಳೆಯಾಗಿ ಹಿಡಿದು ಹೆಣೆದುದು. ಈ ಹಾಡು ಆ ಹೆಣಿಗೆಯ ಒಂದು ಗಂಟು. ಅದನ್ನು ಬಿಡಿಯಾಗಿ ತಟ್ಟೆಗೆ ಹಾಕಿ ಮಾರಿದವರಿಲ್ಲ. ಆದಕಾರಣ ಜನಪ್ರಿಯತೆಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇರಲಿಲ್ಲ. ಆದರೂ ಅತಿ ಜನಪ್ರಿಯ ಗೀತಗಳ ಸಂಗ್ರಹದಲ್ಲಿ ಅದು ಸೇರಿತು. ಆರಿಸಿದವರು ಅದನ್ನು ಅದರ ಕಥೆಯಿಂದ ಕಿತ್ತರೆಂಬುದು ನಿಜ. ಪೇಟೆಯು ಕಾಣದಿದ್ದ ಗುಣವನ್ನು ಕಂಡು ಲಕ್ಷಾಂತರ ಮಂದಿಯ ಕಿವಿಗೆ ಮುಟ್ಟಿಸಿದರೆಂಬುದೂ ಅಷ್ಟೇ ನಿಜ. ಅಪಚಾರವೂ ಉಪಕಾರವೂ ಒಂದೇ ಕೈಯಿಂದ ಒಂದೇ ಹಾಡಿಗೆ ಆದುವು.

ಇಲ್ಲಿ ಮೊದಲು ತೀರ್ಮಾನವಾಗಬೇಕಾದುದು, ಜನಪ್ರಿಯವಾದುದೂ ಶ್ರೇಷ್ಠವಾದುದೂ ಒಂದೆಯೇ ಎಂಬ ಪ್ರಶ್ನೆ. ಒಂದೆಯೆಂದು ಹೇಳುವವರ ವಾದವು ಹುರುಳಿಲ್ಲದುದಲ್ಲ. ಹಾಡು ಕೇಳುವವರಿಗಾಗಿ ಹುಟ್ಟಿದುದು. ಕೇಳುವವರು ಬಹುಕಾಲ ಮೆಚ್ಚಿದುದನ್ನು ಪಂಡಿತನೊಬ್ಬನು ಹಳಿದ ಮಾತ್ರಕ್ಕೆ ಅದು ಕೀಳಾಗದು. ಅಲ್ಲದೆ ಎಣಿಕೆಗೆ ಪಕ್ಷಪಾತವಿಲ್ಲ. ಆರಿಸುವವನ ಇಷ್ಟಾನಿಷ್ಟಗಳಿಗಿಂತ ಲೆಕ್ಕದ ಸಾಕ್ಷ್ಯವು ಮೇಲು ಎಂದು ಅವರು ಹೇಳುತ್ತಾರೆ. ಇಂಗ್ಲೆಂಡಿನ ‘ಬೀಟಲ್ಸ್’ ತಂಡದ ಹಾಡುಗಳಿಂದ 2000ದಲ್ಲಿ ಮಾಡಿದ ‘1’ ಎಂಬ ಸಂಗ್ರಹವು ಈ ತತ್ತ್ವವನ್ನು ಕಡೆಯವರೆಗೂ ಪಾಲಿಸಿತು. ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ಮಾರಾಟದ ಪಟ್ಟಿಯ ಮೊದಲನೆಯ ಸ್ಥಾನಕ್ಕೆ ಏರಿದ ಇಪ್ಪತ್ತೇಳು ಹಾಡುಗಳನ್ನು ಅದರಲ್ಲಿ ಸೇರಿಸಿದರು. ಆದರೆ ಅದರ ಫಲವನ್ನು ನೋಡಬೇಕು. 1967ರಲ್ಲಿ ಒಂದೇ ತಟ್ಟೆಯ ಎರಡು ಮುಖಗಳಲ್ಲಿ ‘ಪೆನ್ನಿ ಲೇನ್’, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಎರಡು ಹಾಡುಗಳು ಹೊರಬಂದವು. ಬ್ರಿಟನ್ನಿನಲ್ಲಿ ಆ ತಟ್ಟೆಯು ಎರಡನೆಯ ಸ್ಥಾನದಲ್ಲಿಯೇ ನಿಂತಿತು. ಅಮೆರಿಕದಲ್ಲಿ ಮೊದಲನೆಯದು ಮಾತ್ರ ತುದಿಗೇರಿತು. ಆದಕಾರಣ ಬೆನ್ನಿಗೆ ಬೆನ್ನು ಕೊಟ್ಟು ಹುಟ್ಟಿದ ಅವಳಿಗಳಲ್ಲಿ ಒಂದು ಒಳಗಾಯಿತು, ಒಂದು ಹೊರಗಾಯಿತು. ಸಂಗೀತಜ್ಞರಲ್ಲಿ ಅನೇಕರು ಆ ತಂಡದ ಉತ್ತಮೋತ್ತಮ ರಚನೆಗಳಲ್ಲಿ ಗಣಿಸುವುದು ಹೊರಗಾದುದನ್ನೇ. ಎಣಿಕೆಗೆ ಪಕ್ಷಪಾತವಿಲ್ಲದಿರಬಹುದು, ವಿವೇಕವೂ ಇಲ್ಲ. ಯಾವ ವಾರ ಎಷ್ಟು ಮಂದಿ ಕೊಂಡರೆಂಬುದನ್ನು ಅದು ಹೇಳಬಲ್ಲದು. ಕೊಂಡವರ ಮನಸ್ಸಿನಲ್ಲಿ ಹಾಡು ಏನು ಮಾಡಿತೆಂಬುದನ್ನು ಹೇಳಲಾರದು.

ಹಾಗಾದರೆ ಆಯ್ಕೆಯೇ ಬೇಡವೆನ್ನೋಣವೆ? ಕೃತಿಕಾರನು ಕಟ್ಟಿದುದನ್ನು ಕಟ್ಟಿದಂತೆಯೇ ಉಳಿಸಬೇಕು, ಬಿಡಿಸಿ ಹಂಚುವುದು ದ್ರೋಹ ಎಂಬ ಪಕ್ಷವೂ ಒಂದುಂಟು. ಕನ್ನಡನಾಡಿನ ಅನುಭವವು ಈ ಪಕ್ಷವನ್ನು ಒಪ್ಪುವುದಿಲ್ಲ. ಇದಕ್ಕೆ ಸಾಕ್ಷ್ಯವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹುಲಿಯೂರುದುರ್ಗವು ಸೇರಿರುವ ಕುಣಿಗಲ್ ತಾಲ್ಲೂಕಿನಲ್ಲಿಯೇ ಎಡೆಯೂರಿದೆ. ಅಲ್ಲಿ ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆಯಿದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಚೆದರಿಹೋಗಿದ್ದಾಗ ಅವನ್ನು ಹುಡುಕಿ, ಕೂಡಿಸಿ, ವಿಂಗಡಿಸುವ ಕಾರ್ಯದಲ್ಲಿ ಆ ಯತಿಗಳ ಶಿಷ್ಯಪರಂಪರೆಯು ಬಹಳವಾಗಿ ದುಡಿಯಿತು. ತುಮಕೂರಿನ ನೆರೆಯ ಗೂಳೂರಿನ ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯು ಆ ದುಡಿಮೆಯ ಫಲಗಳಲ್ಲೊಂದು. ಅಲ್ಲಮಪ್ರಭುವಿನ ಸುತ್ತ, ಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮ ಮುಂತಾದವರ ಬೇರೆ ಬೇರೆ ಸಮಯದ ವಚನಗಳನ್ನು ಪ್ರಶ್ನೋತ್ತರವಾಗಿ ನಿಲ್ಲಿಸಿ, ನಡುವೆ ಸಂಬಂಧದ ಗದ್ಯವನ್ನಿಟ್ಟು, ಒಂದು ಮಹಾಗೋಷ್ಠಿಯನ್ನೇ ಅದರಲ್ಲಿ ಕಟ್ಟಿದೆ. ‘ಡೆಸ್ಪೆರಾಡೋ’ ಹಾಡಿಗೆ ಆದುದಕ್ಕೆ ಇದು ತಿರುಗುಮುರುಗು: ಅಲ್ಲಿ ಕಥೆಯಿಂದ ಹಾಡನ್ನು ಬಿಡಿಸಿದರು, ಇಲ್ಲಿ ಬಿಡಿ ವಚನಗಳಿಗೆ ಕಥೆಯನ್ನು ಕೊಟ್ಟರು. ಸಂಗ್ರಹವೇ ಸ್ವತಂತ್ರವಾದ ಮಹಾಕೃತಿಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

ಆದರೆ ಆಯ್ಕೆಯ ಅಪಾಯವನ್ನೂ ಇದೇ ಗ್ರಂಥವು ತಿಳಿಸುತ್ತದೆ. ಶೂನ್ಯಸಂಪಾದನೆಯನ್ನು ಹದಿನೈದು ಹದಿನಾರನೆಯ ಶತಮಾನಗಳಲ್ಲಿ ನಾಲ್ವರು ಸಂಕಲಿಸಿದರು. ಮೊದಲಿನವನು ಶಿವಗಣಪ್ರಸಾದಿ ಮಹಾದೇವಯ್ಯ. ಅನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಕಡೆಗೆ ಗೂಳೂರಿನವರು. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವು ಮೊದಲನೆಯ ಸಂಕಲನದಲ್ಲಿಲ್ಲ. ಅನಂತರದವುಗಳಲ್ಲಿ ಅದು ಸೇರಿದೆ. ಶರಣರು ಅವರೇ, ವಚನಗಳ ಭಂಡಾರವೂ ಬಹುಮಟ್ಟಿಗೆ ಅದೇ. ಯಾವುದನ್ನು ತೆಗೆದುಕೊಂಡು ಎಲ್ಲಿ ನಿಲ್ಲಿಸಿದರೆಂಬ ಭೇದದಿಂದ ಒಬ್ಬ ಮಹಾಪುರುಷನ ಜೀವನದ ಮುಖ್ಯಘಟನೆಯೇ ಬೇರೆಯಾಯಿತು. ಆರಿಸುವವನು ಬರಿಯ ಕೈಯಾಳು, ಅವನಿಗೆ ಅಭಿಪ್ರಾಯವಿಲ್ಲ ಎಂಬ ಮಾತನ್ನು ಇದಾದ ಮೇಲೆ ಯಾರೂ ಆಡಲಾರರು. ಸಂಕಲನಕಾರನ ತಪ್ಪನ್ನು ತಿದ್ದುವ ಉಪಾಯವೂ ಇಲ್ಲಿಯೇ ಇದೆ: ಸಂಕಲನವು ಒಂದಾಗಿರಬಾರದು. ನಾಲ್ಕನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವವನಿಗೆ ಒಂದೊಂದರ ಒಲವು ಎತ್ತ ಎಂಬುದು ತಾನಾಗಿ ತಿಳಿಯುತ್ತದೆ.

ಇನ್ನೊಂದು ಜೋಡಿಯನ್ನೂ ಹೋಲಿಸಬೇಕಾಗಿದೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ವೈಯಾಕರಣನಾದ ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಹಿಂದಿನ ಕವಿಗಳ ಚೆಲುವಾದ ಪದ್ಯಗಳನ್ನು ವರ್ಣನೆಯ ವಿಷಯಕ್ಕೆ ತಕ್ಕಂತೆ ವಿಂಗಡಿಸಿ ‘ಸೂಕ್ತಿಸುಧಾರ್ಣವ’ವನ್ನು ರಚಿಸಿದನು. ಇದು ಕನ್ನಡ ಕವಿತೆಯ ಮೊದಲ ಸಾರಸಂಗ್ರಹಗಳಲ್ಲೊಂದು. ಪದ್ಯಗಳು ಯಾರವೆಂಬುದನ್ನು ಮಾತ್ರ ಅವನು ಹೇಳದೆ ಬಿಟ್ಟನು. ಹದಿನಾರನೆಯ ಶತಮಾನದ ಅಭಿನವವಾದಿ ವಿದ್ಯಾನಂದನು ತನ್ನ ‘ಕಾವ್ಯಸಾರ’ದಲ್ಲಿ ಅದೇ ಬಗೆಯ ಕೆಲಸವನ್ನು ಮಾಡಿದರೂ, ಆಯ್ದ ಪದ್ಯಗಳ ಮೂಲಗ್ರಂಥಗಳನ್ನು ಹೆಸರಿಸಿದನು. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ ಎಂಬ ಕಾವ್ಯಗಳು ನಷ್ಟವಾಗಿವೆ. ಅವುಗಳ ಪದ್ಯಗಳು ಉಳಿದಿರುವುದು ಇಂತಹ ಸಂಗ್ರಹಗಳಲ್ಲಿಯೇ. ಮೂಲವನ್ನು ಸೂಚಿಸುವ ಎರಡು ಅಕ್ಷರಗಳ ಶ್ರಮದಿಂದ ಒಬ್ಬ ಕವಿಯು ಅನಾಮಧೇಯತೆಯಿಂದ ಉಳಿದನು. ಆರಿಸುವವನ ಮೊದಲನೆಯ ಋಣವು ಇದೇ: ಎಲ್ಲಿಂದ ತೆಗೆದೆನೆಂಬುದನ್ನು ಹೇಳಿ, ಬೇಕಾದವನು ಮೂಲಕ್ಕೆ ಹೋಗುವಂತೆ ದಾರಿಯನ್ನು ತೆರೆದಿಡುವುದು.

ಎರಡನೆಯ ಋಣವು ಉಳಿದುದರ ವಿಷಯವಾದುದು. ವಿಜಾಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು. ಅದೂ ಆಯ್ಕೆಯೇ. ಆದರೆ ಸಾರವನ್ನು ಕೊಟ್ಟಾಯಿತೆಂದು ಅವರು ಕೈಕಟ್ಟಿ ಕೂಡಲಿಲ್ಲ. ಮನೆಯನ್ನು ಮಾರಿ ಮುದ್ರಣಾಲಯವನ್ನು ಕೊಂಡು, ಒಬ್ಬೊಬ್ಬ ಶರಣರ ವಚನಗಳನ್ನೂ ಬೇರೆ ಬೇರೆಯಾಗಿ ಅಚ್ಚಿಗೆ ತಂದರು. 1930ರಲ್ಲಿ ಶೂನ್ಯಸಂಪಾದನೆಯನ್ನು ಪ್ರಕಟಿಸಿದರು. ಮುಂದೆ 1993ರಲ್ಲಿ ಕರ್ನಾಟಕ ಸರಕಾರವು ವಚನಗಳನ್ನೆಲ್ಲ ಹದಿನೈದು ಸಂಪುಟಗಳಲ್ಲಿ ಹೊರತರುವಷ್ಟು ಸಾಮಗ್ರಿಯು ಕೂಡಿದುದು ಇಂತಹವರ ದುಡಿಮೆಯ ಮೇಲೆ. ಸಾರವು ಜನರನ್ನು ಕರೆಯಿತು. ಸಮಗ್ರವು ಕರೆಗೆ ಓಗೊಟ್ಟು ಬಂದವರಿಗೆ ಉಣಲಿಟ್ಟಿತು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸವು ಅರೆಯಾಗುತ್ತಿತ್ತು.

ಈ ಸೀಮೆಯ ರೈತನಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ರಾಗಿಯ ಹೊಲದಲ್ಲಿ ಅವನು ಒಳ್ಳೆಯ ತೆನೆಗಳನ್ನು ಆರಿಸಿ ಬಿತ್ತನೆಗೆಂದು ಬೇರೆಯಾಗಿಡುತ್ತಾನೆ. ಹಾಗೆಂದು ಉಳಿದ ತೆನೆಯನ್ನು ತಿಪ್ಪೆಗೆ ಎಸೆಯುವುದಿಲ್ಲ. ವರ್ಷವೆಲ್ಲ ಮನೆಯವರ ಹೊಟ್ಟೆ ತುಂಬುವುದು ಆ ಉಳಿದುದರಿಂದಲೇ. ಅದೇ ಹೊಲದ ಅಕ್ಕಡಿಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳಿಗೂ ಎಡೆಯುಂಟು. ರಾಗಿಯೇ ಮುಖ್ಯವಾದ ಬೆಳೆಯೆಂದು ಮಿಕ್ಕವನ್ನು ಕಿತ್ತವನ ಮನೆಯಲ್ಲಿ ಮುದ್ದೆಯಿರುತ್ತದೆ, ಸಾರಿಗೆ ಕಾಳಿರುವುದಿಲ್ಲ.

ಹಾಡಿನ ವಿಷಯದಲ್ಲಿ ಇದನ್ನು ಮರೆತುದರ ನಷ್ಟವು ಕಣ್ಣೆದುರಿಗೇ ಇದೆ. ‘ಮೂಡಲ್ ಕುಣಿಗಲ್ ಕೆರೆ’ಯ ಹಾಡನ್ನು ಅರಿಯದ ಕನ್ನಡಿಗರು ವಿರಳ. ಶಾಲೆಯ ಮಕ್ಕಳು ಹಾಡುತ್ತಾರೆ. ಜನಪದಗೀತಗಳ ಧ್ವನಿಸುರುಳಿಗಳಲ್ಲಿ ಅದಕ್ಕೆ ತಪ್ಪದ ಸ್ಥಾನವಿದೆ. ಅದು ಆ ಮಾನಕ್ಕೆ ಅರ್ಹವಾದುದೇ. ಆದರೆ ಕುಣಿಗಲಿನಿಂದ ಮದ್ದೂರಿನ ದಾರಿ ಹಿಡಿದು ಹುಲಿಯೂರುದುರ್ಗದ ಬೆಟ್ಟಗಳ ಬುಡಕ್ಕೆ ಬಂದರೆ, ಸುತ್ತಿನ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ, ಸೋಬಾನೆಯ ಚಪ್ಪರದಲ್ಲಿ ಹೆಣ್ಣುಮಕ್ಕಳು ಹಾಡಿದುದು ಆ ಒಂದನ್ನೇ ಅಲ್ಲವಷ್ಟೆ? ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆಗೆ ಸರಿದಾಗ, ಸಂಗ್ರಹಕ್ಕೆ ಸೇರದಿದ್ದ ಹಾಡುಗಳಿಗೆ ನಿಲ್ಲಲು ನೆಲೆಯಿಲ್ಲವಾಯಿತು. ರಾಕ್ ತಂಡದವರ ಬಿಟ್ಟ ಹಾಡುಗಳು ಅವರ ಮೂಲಮುದ್ರಿಕೆಗಳಲ್ಲಿ ಸುರಕ್ಷಿತವಾಗಿವೆ. ಹೆಸರಿಲ್ಲದ ಹೆಂಗಸರ ಬಿಟ್ಟ ಹಾಡುಗಳಿಗೆ ಮೂಲವೆಂದರೆ ಅವರ ಉಸಿರೊಂದೇ. ಎಲ್ಲಿ ಸಮಗ್ರವು ಕಾಪಾಡಿಕೊಂಡಿಲ್ಲವೋ ಅಲ್ಲಿ ಆಯ್ಕೆಯೇ ಕಡೆಯ ತೀರ್ಪು. ಆದುದರಿಂದ ಅಲ್ಲಿ ಆರಿಸುವವನ ಹೊಣೆಯು ನೂರ್ಮಡಿಯಾಗುತ್ತದೆ. ಆತನು ಮೊದಲು ಕೂಡಿಸಬೇಕು; ಆರಿಸುವುದು ಆಮೇಲಿನ ಮಾತು.

ಕೇಳುವವನೂ ಈ ಧರ್ಮದಿಂದ ಹೊರಗಲ್ಲ. ಒಂದೇ ತಟ್ಟೆಯನ್ನು ಕೊಳ್ಳುವಷ್ಟು ಹಣವಿದ್ದವನಿಗೆ ನಾಲ್ಕರ ಸಾರವನ್ನು ಒಂದರಲ್ಲಿ ಕೊಟ್ಟುದು ಉಪಕಾರವೇ. ಬಡವನ ಸಂತೋಷವನ್ನು ವ್ಯಾಪಾರವೆಂದು ಹೀಯಾಳಿಸುವುದು ಸಲ್ಲದು. ಆದರೆ ಇಂದು ತಟ್ಟೆಯೂ ಇಲ್ಲ, ಆ ಕೊರತೆಯೂ ಇಲ್ಲ. ಅಂಗೈಯಗಲದ ಯಂತ್ರದಲ್ಲಿ ಒಂದು ತಂಡದ ಹಾಡುಗಳೆಲ್ಲವೂ ದೊರೆಯುತ್ತವೆ. ಹೆಚ್ಚು ಕೇಳಿದುದನ್ನು ಯಂತ್ರವೇ ಮೇಲಕ್ಕೆ ತಂದಿಡುತ್ತದೆ. ಮೇಲಿರುವುದರಿಂದ ಅದನ್ನು ಇನ್ನೂ ಹೆಚ್ಚು ಮಂದಿ ಕೇಳುತ್ತಾರೆ. ಹಿಂದೆ ಆರಿಸಿದವನೊಬ್ಬನಿದ್ದನು, ಅವನನ್ನು ಪ್ರಶ್ನಿಸಬಹುದಾಗಿತ್ತು. ಈಗ ಯಾರೂ ಆರಿಸಲಿಲ್ಲವೆಂಬ ತೋರಿಕೆಯಲ್ಲಿ ಎಲ್ಲರೂ ಆರಿಸುತ್ತಿದ್ದಾರೆ. ಒಂದು ಹಾಡನ್ನು ಮತ್ತೆ ಕೇಳುವ ಪ್ರತಿಯೊಬ್ಬನೂ ಮರವೆಯ ತಕ್ಕಡಿಗೆ ಒಂದು ಕಾಳನ್ನು ಹಾಕುತ್ತಿದ್ದಾನೆ. ಹೊಣೆಯು ಹಂಚಿಹೋಗಿದೆಯೇ ಹೊರತು ಇಲ್ಲದಾಗಿಲ್ಲ.

ಆದುದರಿಂದ ಶ್ರೇಷ್ಠಗೀತಸಂಗ್ರಹವು ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದು ಮನೆಯ ಹೊಸ್ತಿಲು. ಹೊಸ್ತಿಲಿಲ್ಲದೆ ಅಪರಿಚಿತನು ಒಳಗೆ ಬರುವ ಬಗೆಯಿಲ್ಲ. ಹೊಸ್ತಿಲಲ್ಲಿಯೇ ನಿಂತು ಹಿಂದಿರುಗಿದವನು ಮನೆಯವರನ್ನು ಕಂಡೆನೆಂದು ಹೇಳಿಕೊಳ್ಳುವಂತಿಲ್ಲ. ಹತ್ತು ಹಾಡುಗಳನ್ನು ಮೆಚ್ಚಿದವನು ಹನ್ನೊಂದನೆಯದನ್ನು ಕೇಳಲು ಮನಸ್ಸು ಮಾಡಿದನಾದರೆ, ಆರಿಸಿದವನ ಕಾರ್ಯವು ಸಾರ್ಥಕವಾಯಿತು. ಹಾಡಿದವನಿಗೂ ನ್ಯಾಯವು ದೊರೆಯಿತು.