ಹಂಚಿಕೆಯಲ್ಲಿ ಬಿಟ್ಟುಹೋದವರು



ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯ ಒಂದು ದೂರಿನಿಂದ ಆರಂಭವಾಗುತ್ತದೆ. ಜೆರುಸಲೇಮಿನ ವಿಶ್ವಾಸಿಗಳು ಇದ್ದುದನ್ನು ಹಂಚಿಕೊಂಡು ಬಾಳುತ್ತಿದ್ದ ಕಾಲ ಅದು. ಅಂಥ ಸಭೆಯಲ್ಲೂ ಗ್ರೀಕ್ ಮಾತನಾಡುವ ವಿಧವೆಯರು ದಿನನಿತ್ಯದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದರು. ಅವರನ್ನು ಬೇಕೆಂದೇ ಹೊರಗಿಟ್ಟರೆಂದು ಅಲ್ಲಿ ಬರೆದಿಲ್ಲ. ಭಾಷೆ ಬೇರೆ, ಕೇಳುವ ದನಿ ಸಣ್ಣದು. ಬಿಟ್ಟುಹೋಗಲು ಅಷ್ಟೇ ಸಾಕು.

ಯುವಜನ ಕೂಟದಲ್ಲಿ ಈ ವಾಚನವನ್ನು ಓದಿದ ದಿನ ನಮಗೆಲ್ಲ ನೆನಪಾದವರು ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿ. ಹೂದೋಟದ ಕೂಲಿಯಲ್ಲಿ ಉಳಿಸಿ, ಒಂಬತ್ತು ವರ್ಷ ಸಾಲ ಸಹಕಾರ ಸಂಘಕ್ಕೆ ತಿಂಗಳು ತಪ್ಪದೆ ಹಣ ಕಟ್ಟಿದವರು. ಮೊಮ್ಮಗಳನ್ನು ಆಸ್ಪತ್ರೆಗೆ ಸೇರಿಸಿದಾಗ 10,000 ರೂಪಾಯಿ ಬೇಕಾಯಿತು. ಅವರು ಹೋದದ್ದು ಸಂಘಕ್ಕಲ್ಲ, ಬಡ್ಡಿಯವರ ಬಾಗಿಲಿಗೆ. ಸದಸ್ಯರಾದ ತಾವು ಸಂಘದಲ್ಲಿ ಸಾಲ ಕೇಳಬಹುದೆಂದೇ ಅವರಿಗೆ ತಿಳಿದಿರಲಿಲ್ಲ. ನಿಯಮಗಳು, ಸಭೆಯ ನೋಟಿಸು, ಅರ್ಜಿ, ಎಲ್ಲವೂ ತಮಿಳಿನಲ್ಲಿ. ಅಜ್ಜಿಗೆ ತಮಿಳು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

"ಗೋಡೆ ಮೇಲಿರೋ ಕಾಗದ ಓದಿ ಹೇಳೋರು ಯಾರವ್ರೆ ಮಗಾ? ಕೇಳಿದ್ರೆ ನಗ್ತಾರೇನೋ ಅಂತ ಸುಮ್ಕಾದೆ" ಎಂದರು.

ಆ ಮಾತು ನಮಗೆ ತಾಗಿತು. ತಮಿಳು ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡುವ ನಾವು ಪ್ರತಿ ಭಾನುವಾರ ಬಲಿಪೂಜೆ ಮುಗಿಸಿ ಅದೇ ಗೋಡೆಯ ಪಕ್ಕ ಹರಟೆ ಹೊಡೆಯುತ್ತಿದ್ದೆವು. ಓದಿ ಹೇಳಬೇಕಾದವರು ನಾವೇ ಆಗಿದ್ದೆವು.

ಲೆಕ್ಕ ಹಾಕಿ ನೋಡಿದೆವು. ನೂರಕ್ಕೆ ತಿಂಗಳಿಗೆ 5 ರೂಪಾಯಿಯಂತೆ 10,000ಕ್ಕೆ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ ಬಡ್ಡಿ. ಅಸಲು ಹಾಗೆಯೇ ನಿಂತಿರುತ್ತದೆ. ಅದೇ ಸಾಲವನ್ನು ನೂರಕ್ಕೆ 1 ರೂಪಾಯಿ ಬಡ್ಡಿಯಲ್ಲಿ, ತಿಂಗಳಿಗೆ 1,000 ಅಸಲು ತೀರಿಸುತ್ತಾ ಬಂದರೆ, ಉಳಿದ ಅಸಲಿಗಷ್ಟೇ ಬಡ್ಡಿ ಕಟ್ಟಿ ಹತ್ತು ತಿಂಗಳಲ್ಲಿ ಋಣ ಮುಗಿಯುತ್ತದೆ. ಒಟ್ಟು ಬಡ್ಡಿ 550 ರೂಪಾಯಿ. ಓದಲಾಗದ ಒಂದು ಕಾಗದದ ಬೆಲೆ ಇಷ್ಟು!

ಸಂಘಗಳು ತಮ್ಮ ಮೌಲ್ಯಗಳನ್ನು ಫಲಕದಲ್ಲಿ ಬರೆಸುತ್ತವೆ, ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುತ್ತವೆ. ಅದು ತಪ್ಪಲ್ಲ. ಆದರೆ ಸದಸ್ಯರು ಆ ಮೌಲ್ಯವನ್ನು ಓದಿ ತಿಳಿಯುವುದಕ್ಕಿಂತ ಕೌಂಟರಿನ ಮುಂದೆ ನಿಂತು ತಿಳಿಯುವುದೇ ಹೆಚ್ಚು. ಸಹಕಾರ ಸಂಘದಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಸದಸ್ಯರಿಗೆ ತಿಳುವಳಿಕೆ ಕೊಡುವುದೂ ಸಹಕಾರದ ಏಳು ತತ್ವಗಳಲ್ಲಿ ಒಂದು. ಮತವಿದ್ದೂ ಸಭೆಯ ಮಾತು ತಿಳಿಯದವರು ಹೆಸರಿಗಷ್ಟೇ ಒಡೆಯರು.

ನಮ್ಮ ಧರ್ಮಸಭೆಯ ಮಕ್ಕಳು ಇದನ್ನು ಹಿಂದೆಯೇ ಅರಿತಿದ್ದರು. ಕೆನಡಾದಲ್ಲಿ ಅಲ್ಫೋನ್ಸ್ ದೆಜಾರ್ದಾಂ ಎಂಬ ಕಥೋಲಿಕ ಗೃಹಸ್ಥರು ಬಡ್ಡಿಯ ಹಿಂಸೆಗೆ ಮರುಗಿ, 1900ರಲ್ಲಿ ಲೆವಿ ಎಂಬ ಊರಿನಲ್ಲಿ ಫ್ರೆಂಚ್ ಮಾತನಾಡುವ ತಮ್ಮ ಜನರಿಗಾಗಿ ಉಳಿತಾಯ ಸಂಘ ಕಟ್ಟಿದರು. ಮೊದಲು ಬಂದ ಠೇವಣಿ 10 ಸೆಂಟು. ಅವರು ಕೆಲಸದ ಮೇಲೆ ಊರಲ್ಲಿಲ್ಲದಾಗ ಪತ್ನಿ ದೊರಿಮೆನ್ ಲೆಕ್ಕ ನೋಡಿಕೊಂಡರು. ನಮ್ಮ ದೇಶದ ಛೋಟಾನಾಗ್‌ಪುರದಲ್ಲಿ ಯೇಸುಸಭೆಯ ಫಾದರ್ ಹಾಫ್‌ಮನ್ 1909ರಲ್ಲಿ ಆದಿವಾಸಿಗಳಿಗಾಗಿ ಕಥೋಲಿಕ ಸಹಕಾರ ಸಾಲ ಸಂಘ ಆರಂಭಿಸಿದರು. ಆ ಜನರ ಮುಂಡಾರಿ ಭಾಷೆಗೆ ವ್ಯಾಕರಣ ಬರೆದವರೂ ಅವರೇ. ಮೊದಲು ಅವರ ಮಾತು ಕಲಿತರು, ಆಮೇಲೆ ಅವರ ಹಣಕ್ಕೆ ದಾರಿ ತೋರಿಸಿದರು.

ಪ್ರೇಷಿತರು ಏನು ಮಾಡಿದರು? ಗೊಣಗಿದವರನ್ನು ಗದರಲಿಲ್ಲ. ಹಂಚಿಕೆಯ ಕೆಲಸಕ್ಕೆ ಏಳು ಮಂದಿಯನ್ನು ಆರಿಸುವಂತೆ ಸಭೆಗೇ ಹೇಳಿದರು. ಸ್ತೇಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳನ್ನು ನೋಡಿರಿ, ಎಲ್ಲವೂ ಗ್ರೀಕ್ ಹೆಸರುಗಳೇ. ಬಿಟ್ಟುಹೋದವರ ಮಾತು ಬಲ್ಲವರ ಕೈಗೇ ಹಂಚಿಕೆಯ ಹೊಣೆ ಬಂತು.

ನಾವೂ ಅಲ್ಲಿಂದಲೇ ಆರಂಭಿಸಿದ್ದೇವೆ. ತಿಂಗಳ ಎರಡನೆಯ ಭಾನುವಾರ ಕನ್ನಡ ಬಲಿಪೂಜೆಯ ನಂತರ ದೇವಾಲಯದ ಮುಂದೆ ಮೇಜು ಹಾಕಿ ಕೂರುತ್ತೇವೆ. ಪಾಸ್‌ಬುಕ್ ತಂದವರಿಗೆ ಓದಿ ಹೇಳುತ್ತೇವೆ, ಸಾಲಕ್ಕೆ ಸಹಿ ಹಾಕುವ ಮೊದಲು ಬಡ್ಡಿ, ಕಂತು, ಜಾಮೀನು ವಿವರಿಸುತ್ತೇವೆ. ಅಲ್ಲಿ ಕೇಳಿದ ಮಾತು ಅಲ್ಲಿಗೇ ಮುಗಿಯುತ್ತದೆ. ನೋಟಿಸು ಕನ್ನಡದಲ್ಲೂ ಇರಲಿ ಎಂದು ಕೇಳಿದಾಗ ಆಡಳಿತ ಮಂಡಳಿ ಒಪ್ಪಿತು. ಇಷ್ಟು ದಿನ ಯಾರೂ ಕೇಳಿರಲಿಲ್ಲವಂತೆ!

ಹಿರಿಯರೇ, ನಮ್ಮದೂ ಒಂದು ಬೇಡಿಕೆ. ಮಹಾಸಭೆಗೆ ಬನ್ನಿರಿ. ನಮ್ಮವರೊಬ್ಬರು ಮಂಡಳಿಗೆ ನಿಲ್ಲಲಿ. ಪಡೆದ ಸಾಲದ ಕಂತನ್ನು ತಪ್ಪದೆ ಕಟ್ಟೋಣ, ಅದು ಇನ್ನೊಬ್ಬ ಅಜ್ಜಿಯ ಉಳಿತಾಯ. ಕಂತು ತಪ್ಪಿದವರ ಮನೆಗೆ ನೋಟಿಸಿಗಿಂತ ಮೊದಲು ನಮ್ಮಲ್ಲಿ ಇಬ್ಬರು ಹೋಗಿ ಕಷ್ಟ ಕೇಳೋಣ.

ಅಜ್ಜಿ ಈಗ ಸಂಘದ ಸಾಲ ಪಡೆದು ಬಡ್ಡಿಯವರ ಋಣ ತೀರಿಸಿದ್ದಾರೆ. ಈ ಸಲದ ಮಹಾಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಕೇಳಿದರು: "ಈ ವರ್ಷ ಉಳಿದ ದುಡ್ಡು ಏನ್ಮಾಡಿದ್ರಿ?" ನಮ್ಮಲ್ಲೊಬ್ಬರು ತಮಿಳಿಗೆ ತಿರುಗಿಸಿದರು. ಯಾರೂ ನಗಲಿಲ್ಲ. ಅಧ್ಯಕ್ಷರು ಎದ್ದು ಲೆಕ್ಕ ಒಪ್ಪಿಸಿದರು.

ಪ್ರಭುವೇ, ನಮ್ಮ ಹಂಚಿಕೆಯಲ್ಲಿ ಬಿಟ್ಟುಹೋದವರನ್ನು ಕಾಣುವ ಕಣ್ಣು ಕೊಡು. ಕೇಳಲು ಅಂಜುವವರ ಪರವಾಗಿ ಕೇಳುವ ಬಾಯಿ ಕೊಡು. ಆಮೆನ್.